ಮಳೆ–ಬಾವಿ ಅಳೆಯುವವರಿಗೆ ಕೊಡುವ ಪ್ರಶ್ನಾವಳಿ: ಎಲ್ಲರೂ "ತುಂಬಾ ಒಳ್ಳೆಯದು" ಎಂದರೆ ಏನು ತಿಳಿದಂತಾಯಿತು?

ಮಳೆಪುಸ್ತಕ (ಬದಿಯಡ್ಕ):

ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಎಣ್ಮಕಜೆ, ಬೆಳ್ಳೂರು, ಕಾರಡ್ಕ ಪಂಚಾಯತುಗಳಲ್ಲಿ ಊರವರೇ ಸೇರಿ ಮಳೆಯನ್ನೂ ಬಾವಿಯ ನೀರನ್ನೂ ಅಳೆಯುವ ಒಂದು ಗುಂಪು ಉಂಟು. ಒಟ್ಟು 58 ಮಂದಿ. ಹೆಚ್ಚಿನವರು ಅಡಿಕೆ ಕೃಷಿಕರು, ಮತ್ತೆ ಹೈಸ್ಕೂಲಿನ ಮಕ್ಕಳು, ಕೆಲವರು ನಿವೃತ್ತರು. ದಿನಾ ಬೆಳಗ್ಗೆ 8.30ಕ್ಕೆ ಮಳೆ ಅಳೆದು ಪುಸ್ತಕದಲ್ಲಿ ಬರೆಯಬೇಕು. ಆದಿತ್ಯವಾರ ಪಂಪು ಹಾಕುವ ಮೊದಲು ಬಾವಿಯ ನೀರು ಎಷ್ಟು ಆಳದಲ್ಲಿದೆ ಎಂದು ನೋಡಬೇಕು. ಸುರಂಗ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು) ಇರುವವರು ಒಂದು ಕೊಡಪಾನ ತುಂಬಲು ಎಷ್ಟು ಸೆಕೆಂಡು ಹಿಡಿಯುತ್ತದೆ ಎಂದು ಬರೆಯುತ್ತಾರೆ. ಎರಡು ಮಳೆಗಾಲ ಮುಗಿದಿದೆ.

ಮೂರನೆಯ ಮಳೆಗಾಲಕ್ಕೆ ಮೊದಲು ಈ ಕೆಲಸದಿಂದ ಜನರಿಗೆ ಏನಾದರೂ ಗೊತ್ತಾಗಿದೆಯೇ, ಯಾರು ಯಾಕೆ ಬಿಟ್ಟುಹೋದರು, ಅಳತೆ ಯಾರಿಗಾದರೂ ಉಪಯೋಗಕ್ಕೆ ಬಿತ್ತೇ ಎಂದು ತಿಳಿಯಬೇಕೆಂದಿದ್ದೇವೆ. ಹೋದ ವರ್ಷ 34 ಪ್ರಶ್ನೆಗಳ ಗೂಗಲ್ ಫಾರ್ಮ್ ವಾಟ್ಸಾಪಿನಲ್ಲಿ ಕಳಿಸಿದ್ದೆವು. ಬಂದ ಉತ್ತರಗಳೆಲ್ಲ ಹೆಚ್ಚುಕಡಿಮೆ ಒಂದೇ: ಜ್ಞಾನ ಹೆಚ್ಚಿದೆ, ತರಬೇತಿ ತುಂಬಾ ಒಳ್ಳೆಯದಿತ್ತು, ಮುಂದುವರಿಸಿ. ಬಿಟ್ಟುಹೋದವರು ಉತ್ತರವನ್ನೇ ಕಳಿಸಲಿಲ್ಲ. ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಹಾಕುತ್ತಿದ್ದೇನೆ:

1. ಈ ಚಟುವಟಿಕೆಯಿಂದ ಮಳೆ ಮತ್ತು ಅಂತರ್ಜಲದ ಬಗ್ಗೆ ನಿಮ್ಮ ಜ್ಞಾನ ಹೆಚ್ಚಾಗಿದೆಯೇ? (ಹೌದು / ಇಲ್ಲ)
2. ತರಬೇತಿ ಮತ್ತು ಮಾರ್ಗದರ್ಶನ ಹೇಗಿತ್ತು? (ತುಂಬಾ ಒಳ್ಳೆಯದು / ಒಳ್ಳೆಯದು / ಪರವಾಗಿಲ್ಲ)
3. ನೀವು ನಿಯಮಿತವಾಗಿ ಮಳೆ ಅಳೆಯುತ್ತೀರಾ? (ಯಾವಾಗಲೂ / ಹೆಚ್ಚಾಗಿ / ಕೆಲವೊಮ್ಮೆ)
4. ಜಲಸಂರಕ್ಷಣೆ ಪ್ರತಿಯೊಬ್ಬರ ಕರ್ತವ್ಯ ಎಂದು ಒಪ್ಪುತ್ತೀರಾ?
5. ನಿಮ್ಮಲ್ಲಿ ವೈಜ್ಞಾನಿಕ ಮನೋಭಾವ ವೃದ್ಧಿಯಾಗಿದೆಯೇ?
6. ಕಳೆದ ವರ್ಷ ಒಟ್ಟು ಎಷ್ಟು ದಿನ ಅಳತೆ ತಪ್ಪಿತು?

ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಹಬ್ಬ) ಮೊದಲು ಹೊಸ ಪ್ರಶ್ನಾವಳಿ ತಯಾರಾಗಬೇಕು. ಎಲ್ಲಿಂದ ತಿದ್ದಲು ಶುರುಮಾಡುವುದು?

ಅಳತೆಗೋಲು:

ಮಾಷ್ಟ್ರೇ, ಪ್ರಶ್ನೆಯ ಮಾತು ತಿದ್ದುವುದು ಎರಡನೆಯ ಕೆಲಸ. ಮೊದಲು ಒಂದು ಹಾಳೆಯಲ್ಲಿ ಈ ಉತ್ತರಗಳನ್ನು ನೋಡಿ ನೀವು ಏನು ನಿರ್ಧಾರ ಮಾಡುತ್ತೀರಿ ಎಂದು ಬರೆಯಿರಿ. ತರಬೇತಿಯಲ್ಲಿ ಯಾವ ಭಾಗ ಬದಲಿಸಬೇಕು, ಮಾಪಕಕ್ಕೆ ಬೇರೆ ನಮೂನೆಯ ಡಬ್ಬಿ ಬೇಕೇ, ಮಕ್ಕಳಿಗೆ ಪರೀಕ್ಷೆಯ ಸಮಯದಲ್ಲಿ ರಜೆ ಕೊಡಬೇಕೇ, ಈ ತರದ ನಾಲ್ಕೈದು ಸಂಗತಿ ಸಾಕು. ಆಮೇಲೆ 34 ಪ್ರಶ್ನೆಗಳ ಪಕ್ಕದಲ್ಲೂ "ಇದಕ್ಕೆ ಇಲ್ಲ ಎಂದು ಉತ್ತರ ಬಂದರೆ ನಾವೇನು ಬದಲಿಸುತ್ತೇವೆ?" ಎಂದು ಬರೆಯುತ್ತಾ ಹೋಗಿ. ಬರೆಯಲು ಏನೂ ಸಿಗದ ಪ್ರಶ್ನೆಯನ್ನು ಹೊಡೆದುಹಾಕಿ. ಸಾಧಾರಣ ಅರ್ಧಕ್ಕರ್ಧ ಹೋಗುತ್ತದೆ. ನಿಮ್ಮ 4 ಮತ್ತು 5 ಹೋಗುವುದು ಖಂಡಿತ.

4ಕ್ಕೆ ಯಾರೂ ಇಲ್ಲ ಎನ್ನಲಾರರು. ಅದು ಉತ್ತರ ಹೇಳಿಕೊಟ್ಟು ಕೇಳಿದ ಪ್ರಶ್ನೆ. ನಿಮಗೆ ಬೇಕಾದದ್ದು ಅವರು ಮಾಡಿದ ಕೆಲಸ, ಅದನ್ನೇ ಕೇಳಿ: "ಹೋದ ಶಿವರಾತ್ರಿಯಿಂದ ಪತ್ತನಾಜೆಯವರೆಗೆ, ಬಾವಿಯ ಅಳತೆ ನೋಡಿದ ಕಾರಣಕ್ಕೇ ತೋಟಕ್ಕೆ ನೀರು ಬಿಡುವ ದಿನವನ್ನೋ ಹೊತ್ತನ್ನೋ ಬದಲಿಸಿದ್ದುಂಟೇ? ಉಂಟಾದರೆ ಏನು ಬದಲಿಸಿದಿರಿ?" ಇದರ ಮೊದಲು "ಹಲವರಿಗೆ ಬದಲಿಸುವ ಅಗತ್ಯವೇ ಬರುವುದಿಲ್ಲ" ಎಂಬ ಒಂದು ಸಾಲು ಹಾಕಿದರೆ "ಇಲ್ಲ" ಎನ್ನುವುದಕ್ಕೆ ಸಂಕೋಚ ಕಡಿಮೆಯಾಗುತ್ತದೆ. ಅವಧಿಯನ್ನು ತಾರೀಕಿಗಿಂತ ಹಬ್ಬದಿಂದ ಹಬ್ಬಕ್ಕೆ ಹೇಳಿದರೆ ನೆನಪು ಸರಿಯಾಗಿ ಕೂರುತ್ತದೆ.

5ರಲ್ಲಿರುವ "ವೈಜ್ಞಾನಿಕ ಮನೋಭಾವ" ಸಂವಿಧಾನದ 51ಎ ವಿಧಿಯಲ್ಲಿ ಬರುವ ಮಾತು. ತನ್ನಲ್ಲಿ ಅದು ಎಷ್ಟು ಬೆಳೆದಿದೆ ಎಂದು ಯಾರೂ ತನ್ನಷ್ಟಕ್ಕೆ ಅಳೆದು ಹೇಳಲಾಗದು.

1ನ್ನು ಪ್ರಶ್ನೆಯಾಗಿ ಕೇಳುವ ಬದಲು ಸಣ್ಣ ಲೆಕ್ಕವಾಗಿ ಕೊಡಿ. ಉದಾಹರಣೆಗೆ: "ನೇರ ಗೋಡೆಯ ಡಬ್ಬಿಯಲ್ಲಿ 20 ಮಿ.ಮೀ. ನೀರು ನಿಂತಿದೆ. ಪಕ್ಕದಲ್ಲೇ ಎರಡು ಪಟ್ಟು ಅಗಲ ಬಾಯಿಯ, ಅದೂ ನೇರ ಗೋಡೆಯ ಡಬ್ಬಿ ಇಟ್ಟಿದ್ದರೆ ಅದರಲ್ಲಿ ಎಷ್ಟು ಮಿ.ಮೀ. ಇರುತ್ತಿತ್ತು?" ಸರಿ ಉತ್ತರ 20. ಮಳೆಯ ಅಳತೆ ಎಂದರೆ ನೀರಿನ ಎತ್ತರ, ಪ್ರಮಾಣ ಅಲ್ಲ ಎಂಬುದು ತಲೆಗೆ ಹೋಗಿದೆಯೇ ಇಲ್ಲವೇ ಎಂದು ಇದೊಂದರಿಂದಲೇ ತಿಳಿಯುತ್ತದೆ. 40 ಅಥವಾ 10 ಎಂದವರಿಗೆ ತರಬೇತಿಯ ಆ ಭಾಗ ಮುಟ್ಟಿಲ್ಲ.

ಎರಡನೆಯದು ಇನ್ನೂ ಮುಖ್ಯ: "ಮನೆಯವರೆಲ್ಲ ಎರಡು ದಿನ ಮದುವೆಗೆ ಹೋಗಿದ್ದಿರಿ. ಮೂರನೆಯ ದಿನ 8.30ಕ್ಕೆ ನೋಡಿದರೆ ಮಾಪಕದಲ್ಲಿ 46 ಮಿ.ಮೀ. ಪುಸ್ತಕದಲ್ಲಿ ಹೇಗೆ ಬರೆಯುತ್ತೀರಿ?" ಎರಡು ದಿನ 0, ಮೂರನೆಯ ದಿನ 46 ಎಂದು ಬರೆದರೆ ತಪ್ಪು. ಮೂರು ದಿನಕ್ಕೆ ಹಂಚಿ ಬರೆದರೂ ತಪ್ಪು. ಎರಡು ದಿನ "ನೋಡಿಲ್ಲ" ಎಂದು ಬರೆದು, ಮೂರನೆಯ ದಿನ "46, ಮೂರು ದಿನದ ಮೊತ್ತ" ಎನ್ನಬೇಕು. ಸೊನ್ನೆಗೂ ಖಾಲಿ ಜಾಗಕ್ಕೂ ಇರುವ ವ್ಯತ್ಯಾಸ ಗೊತ್ತಿಲ್ಲದ ಕಡೆ ಇಡೀ ಪುಸ್ತಕದ ಮೇಲೆ ನಂಬಿಕೆ ಇಡುವ ಹಾಗಿಲ್ಲ. ಈ ಎರಡು ಲೆಕ್ಕಗಳಿಗೆ ಆಯ್ಕೆಯ ಉತ್ತರ ಕೊಡಬೇಡಿ, ಬರೆಯಲು ಜಾಗ ಬಿಡಿ. ಆಯ್ಕೆ ಕೊಟ್ಟರೆ ಊಹಿಸಿ ಒತ್ತುತ್ತಾರೆ.

2ರಲ್ಲಿ ಮೂರು ತಪ್ಪು ಸೇರಿಕೊಂಡಿದೆ. ತರಬೇತಿ ಒಂದು ದಿನದ್ದು, ಮಾರ್ಗದರ್ಶನ ವರ್ಷವಿಡೀ ಫೋನಿನಲ್ಲಿ ಸಿಗುವಂಥದ್ದು. ಒಂದು ಒಳ್ಳೆಯದಾಗಿ ಇನ್ನೊಂದು ಕೆಟ್ಟದಾಗಿದ್ದರೆ ಏನು ಗುರುತು ಹಾಕುವುದು? ಆಯ್ಕೆಗಳಲ್ಲಿ ಎರಡು ಹೊಗಳಿಕೆ, ದೂರು ಒಂದೂ ಇಲ್ಲ. ಮೂರನೆಯದು "ಪರವಾಗಿಲ್ಲ" ಎಂಬ ಶಬ್ದ. ನಮ್ಮಲ್ಲಿ ಅದು "ಸುಮಾರಾಗಿತ್ತು" ಎಂದೂ ಆಗುತ್ತದೆ, "ಎಣಿಸಿದ್ದಕ್ಕಿಂತ ಚೆನ್ನಾಗಿಯೇ ಇತ್ತು" ಎಂದೂ ಆಗುತ್ತದೆ, "ಹೋಗಲಿ ಬಿಡಿ" ಎಂದೂ ಆಗುತ್ತದೆ. ದನಿ ಕೇಳಿದರೆ ಗೊತ್ತಾದೀತು, ಫಾರ್ಮಿನಲ್ಲಿ ದನಿ ಇಲ್ಲ. ಆ ಶಬ್ದವನ್ನು ಯಾವ ಪ್ರಶ್ನಾವಳಿಯಲ್ಲೂ ಬಳಸಬೇಡಿ.

3 ಮತ್ತು 6ನ್ನು ಕೇಳುವ ಅಗತ್ಯವೇ ಇಲ್ಲ. ಉತ್ತರ ನಿಮ್ಮ ಮಳೆಪುಸ್ತಕದಲ್ಲೇ ಉಂಟು. ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ 122 ದಿನ. ಪ್ರತಿಯೊಬ್ಬರದ್ದೂ ಎಷ್ಟು ದಿನದ ದಾಖಲೆ ಇದೆ ಎಂದು ಎಣಿಸಿ. ಒಂದು ವರ್ಷದ ಹಿಂದೆ ತಪ್ಪಿದ ದಿನಗಳನ್ನು ಯಾರೂ ನೆನಪಿನಿಂದ ಹೇಳಲಾರರು, ಹೇಳಿದರೆ ಅದು ಅಂದಾಜು. ಹಾಗೆಯೇ 10 ಮಿ.ಮೀ.ಗಿಂತ ಹೆಚ್ಚು ಮಳೆ ಬಂದ ದಿನಗಳ ಅಂಕಿಗಳನ್ನು ಮಾತ್ರ ತೆಗೆದು ಕೊನೆಯ ಅಂಕೆ ನೋಡಿ. ಸರಿಯಾಗಿ ಅಳೆದಿದ್ದರೆ 0 ಅಥವಾ 5ರಲ್ಲಿ ಮುಗಿಯುವಂಥವು ಹತ್ತರಲ್ಲಿ ಎರಡರ ಆಸುಪಾಸು ಇರಬೇಕು. ಹತ್ತರಲ್ಲಿ ಆರೇಳು ಹಾಗಿದ್ದರೆ ಅಲ್ಲಿ ಗೆರೆ ನೋಡಿ ಓದುತ್ತಿಲ್ಲ, ಕಣ್ಣಂದಾಜಿಯಲ್ಲಿ ಬರೆಯುತ್ತಿದ್ದಾರೆ. ಕೌಶಲ ಬೆಳೆದಿದೆಯೇ ಎಂಬುದಕ್ಕೆ "ನನಗೆ ಅಳೆಯಲು ಚೆನ್ನಾಗಿ ಬರುತ್ತದೆ" ಎಂಬ ಟಿಕ್ಕಿಗಿಂತ ಇದು ನೂರು ಪಾಲು ಗಟ್ಟಿ.

ಗಡಿ ಟೀಚರ್ (ಪೆರ್ಲ):

ಭಾಷೆಯ ವಿಷಯ ಯಾರೂ ಎತ್ತಲಿಲ್ಲ, ನಮ್ಮ ಕಡೆ ಅರ್ಧ ತೊಂದರೆ ಅಲ್ಲೇ ಇರುವುದು. ಫಾರ್ಮ್ ಕನ್ನಡದಲ್ಲಿದೆ. ಓದುವವರು ಮನೆಯಲ್ಲಿ ತುಳು, ಹವ್ಯಕ, ಮರಾಠಿ, ಬ್ಯಾರಿ, ಕೊಂಕಣಿ ಮಾತಾಡುವವರು. ಮಲಯಾಳ ಮಾಧ್ಯಮದ ಮಕ್ಕಳಿಗೆ ಕನ್ನಡ ಅಕ್ಷರವೇ ಕಷ್ಟ. ಹಾಗಾಗಿ ಕನ್ನಡ, ಮಲಯಾಳ ಎರಡರಲ್ಲೂ ಬರೆದು ಕೊಡಬೇಕು, ತುಳುವಿನಲ್ಲಿ ಕೇಳಿ ಬರೆದುಕೊಳ್ಳಬೇಕು.

ತುಳುವಿನಲ್ಲಿ ಕೇಳುವವರು ಕನ್ನಡ ಪ್ರಶ್ನೆಯನ್ನು ಕೈಯಲ್ಲಿಟ್ಟುಕೊಂಡು ಬಾಯಲ್ಲೇ ತುಳುವಿಗೆ ತರುವುದು ರೂಢಿ. ಅದನ್ನು ಬಿಡಿಸಿ. ನಾಲ್ಕು ಜನ ಕೇಳಿದರೆ ನಾಲ್ಕು ಬೇರೆ ಪ್ರಶ್ನೆ ಆಗುತ್ತದೆ. ತುಳು ಪ್ರಶ್ನೆಯನ್ನು ಕನ್ನಡ ಅಕ್ಷರದಲ್ಲಿ ಪೂರ್ತಿ ಬರೆದು ಕೊಡಿ, ಅದನ್ನು ಇದ್ದ ಹಾಗೆ ಓದಲಿ. ಅರ್ಥವಾಗದಿದ್ದರೆ ಇನ್ನೊಂದು ಸಲ ಓದಲಿ, ವಿವರಿಸುವುದು ಬೇಡ.

ಮಲಯಾಳಕ್ಕೆ ತರುವಾಗ ಇಬ್ಬರು ಬೇರೆ ಬೇರೆಯಾಗಿ ಕೂತು ತರಲಿ, ಮೂರನೆಯವರು ಎರಡನ್ನೂ ಪಕ್ಕದಲ್ಲಿಟ್ಟು ಎಲ್ಲಿ ಹೊಂದುವುದಿಲ್ಲ ಎಂದು ನೋಡಲಿ. ಹೊಂದದ ಜಾಗ ಸಿಕ್ಕಿದರೆ ಬಹುತೇಕ ಮೂಲ ಕನ್ನಡ ಪ್ರಶ್ನೆಯೇ ಮಬ್ಬಾಗಿದೆ ಎಂದು ಲೆಕ್ಕ. ಎರಡೂ ಭಾಷೆಯಲ್ಲಿರುವ ಒಂದೇ ರೂಪದ ಶಬ್ದಗಳ ಮೇಲೆ ಕಣ್ಣಿಡಿ. ಕನ್ನಡದಲ್ಲಿ "ಅವಸರ" ಎಂದರೆ ಗಡಿಬಿಡಿ, ಮಲಯಾಳದಲ್ಲಿ ಅದೇ ಶಬ್ದಕ್ಕೆ ಸಂದರ್ಭ, ಅವಕಾಶ ಎಂಬ ಅರ್ಥ. "ಶ್ರಮ" ನಮಗೆ ದುಡಿತ, ಅವರಿಗೆ ಪ್ರಯತ್ನ. "ಸಾಧಾರಣ" ಅವರಿಗೆ ಯಾವಾಗಲೂ ನಡೆಯುವಂಥದ್ದು, ನಮಗೆ ಒಮ್ಮೆ ಅಂದಾಜು, ಒಮ್ಮೆ ಅಷ್ಟಕ್ಕಷ್ಟೆ. ಆಯ್ಕೆಯ ಪಟ್ಟಿಯಲ್ಲಿ ಇವು ಬಂದರೆ ಎರಡು ಭಾಷೆಯ ಉತ್ತರಗಳನ್ನು ಕೂಡಿಸುವ ಹಾಗಿಲ್ಲ.

ಇಲ್ಲ ಎಂಬರ್ಥದ ಪ್ರಶ್ನೆ ಒಂದೂ ಬೇಡ. "ಮಳೆ ಇಲ್ಲದ ದಿನ ಪುಸ್ತಕ ತೆಗೆಯುವುದಿಲ್ಲವೇ?" ಎಂದು ಕೇಳಿ "ಹೌದು" ಎಂದು ಉತ್ತರ ಬಂದರೆ, ತೆಗೆಯುತ್ತಾರೋ ಇಲ್ಲವೋ? ನಮ್ಮ ಮಾತಿನಲ್ಲಿ ಎರಡೂ ಸಲ್ಲುತ್ತದೆ. "ಮಳೆ ಇಲ್ಲದ ದಿನ ಪುಸ್ತಕದಲ್ಲಿ ಏನು ಬರೆಯುತ್ತೀರಿ?" ಎಂದೇ ಕೇಳಿ.

"ಅಂತರ್ಜಲ" ಬೇಡ, "ಬಾವಿಯ ನೀರು, ಸುರಂಗದ ನೀರು" ಎನ್ನಿ. "ಸರ್ವೆ" ಎಂಬ ಶಬ್ದವನ್ನು ಮೇಲ್ಗಡೆ ಹಾಕಲೇಬೇಡಿ, ಜಾಗ ಅಳೆಯುವವರು ಬಂದರು ಎಂದು ಎಣಿಸುತ್ತಾರೆ. ಇನ್ನೊಂದು ಮಾತು ಉಂಟು. ಎಣ್ಮಕಜೆ, ಬೆಳ್ಳೂರಿನಂಥ ಕಡೆಗಳಲ್ಲಿ ಎಂಡೋಸಲ್ಫಾನ್ ಕೀಟನಾಶಕದ ವಿಷಯಕ್ಕೆ ಸಮೀಕ್ಷೆಯ ಮೇಲೆ ಸಮೀಕ್ಷೆ ನಡೆದಿದೆ. ಮನೆ ಬಾಗಿಲಿಗೆ ಬಂದು ಬರೆದುಕೊಂಡು ಹೋದವರನ್ನು ಜನ ತುಂಬಾ ಕಂಡಿದ್ದಾರೆ. ಇದು ಯಾವುದಕ್ಕೆ, ಉತ್ತರ ಯಾರ ಕೈಗೆ ಹೋಗುತ್ತದೆ, ಫಲಿತಾಂಶ ಯಾವ ತಿಂಗಳಲ್ಲಿ ಅವರಿಗೆ ತಲುಪುತ್ತದೆ ಎಂಬುದನ್ನು ಮೊದಲ ಮೂರು ಸಾಲಲ್ಲೇ ಹೇಳಬೇಕು. ಆ ಗೌರವ ನಾವು ಕೊಡಲೇಬೇಕಾದದ್ದು.

ಐದು ಮೆಟ್ಟಿಲಿನ "ಪೂರ್ಣವಾಗಿ ಒಪ್ಪುತ್ತೇನೆ… ಸ್ವಲ್ಪವೂ ಒಪ್ಪುವುದಿಲ್ಲ" ಎಂಬುದನ್ನು ಓದಿ ಹೇಳಿದರೆ ವಯಸ್ಸಾದವರಿಗೆ ಕೊನೆಯದ್ದು ಮಾತ್ರ ನೆನಪಿರುತ್ತದೆ. ಬಾಯಲ್ಲಿ ಕೇಳುವಾಗ ಎರಡು ಹಂತ ಮಾಡಿ. ಮೊದಲು ಹೌದೋ ಅಲ್ಲವೋ. ಮತ್ತೆ ಪೂರ್ತಿಯೋ ಸ್ವಲ್ಪವೋ. ಎಷ್ಟು ಸಲ ಎಂದು ಕೇಳಬೇಕಾದಲ್ಲಿ 10 ಅಡಿಕೆ ಮುಂದಿಟ್ಟು "ಹತ್ತು ಆದಿತ್ಯವಾರದಲ್ಲಿ ಎಷ್ಟು ವಾರ ಬಾವಿ ನೋಡಿದ್ದೀರಿ, ಅಷ್ಟು ಈಚೆಗಿಡಿ" ಎಂದರೆ ಅಂಕಿ ತಾನಾಗಿ ಬರುತ್ತದೆ. "ಹೆಚ್ಚಾಗಿ", "ಕೆಲವೊಮ್ಮೆ" ಎಂಬ ಗೊಂದಲವೇ ಇಲ್ಲ.

ಪಯಸ್ವಿನಿ:

ಮೇಲಿನವೆಲ್ಲ ಸರಿ. ಆದರೆ ಎಲ್ಲವನ್ನೂ ನಾವೇ ಹೊಸತಾಗಿ ಕಟ್ಟಬೇಕಾಗಿಲ್ಲ. ಜನರು ಪಾಲ್ಗೊಳ್ಳುವ ವಿಜ್ಞಾನ ಯೋಜನೆಗಳ ಮೌಲ್ಯಮಾಪನಕ್ಕಾಗಿಯೇ ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯದವರು "ಡಿವೈಸ್" ಎಂಬ ಹೆಸರಿನಲ್ಲಿ ಪ್ರಶ್ನೆಗಳ ಗುಚ್ಛಗಳನ್ನು ಮಾಡಿಟ್ಟಿದ್ದಾರೆ. ಜನರು ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಜಾಲತಾಣ ನಡೆಸುವುದೂ ಅವರೇ. ಆಸಕ್ತಿ, "ನನ್ನಿಂದ ಆಗುತ್ತದೆ" ಎಂಬ ಆತ್ಮವಿಶ್ವಾಸ, ಪ್ರೇರಣೆ, ವಿಜ್ಞಾನ ಹೇಗೆ ನಡೆಯುತ್ತದೆ ಎಂಬ ತಿಳಿವಳಿಕೆ, ಕೌಶಲ, ಪರಿಸರದ ಕುರಿತ ನಡವಳಿಕೆ ಎಂದು ಅವರು ಫಲಗಳನ್ನು ಬೇರೆ ಬೇರೆ ಮಾಡಿ ನೋಡುತ್ತಾರೆ. ನಿಮ್ಮ 5ನೆಯ ಪ್ರಶ್ನೆಯಲ್ಲಿ ಇವೆಲ್ಲ ಒಂದೇ ಮುದ್ದೆಯಾಗಿವೆ. ಕನಿಷ್ಠ ಈ ವಿಂಗಡಣೆಯನ್ನಾದರೂ ತೆಗೆದುಕೊಳ್ಳಿ, ಆರರಲ್ಲಿ ನಿಮಗೆ ಬೇಕಾದ ಎರಡನ್ನು ಮಾತ್ರ ಆರಿಸಿ.

ಬದಲಾವಣೆ ತಿಳಿಯಲು ಮೊದಲೊಮ್ಮೆ, ಆಮೇಲೊಮ್ಮೆ ಕೇಳುವುದು ಕ್ರಮ. ಅಲ್ಲೊಂದು ಹೊಂಡ ಇದೆ. ಸೇರುವಾಗ "ಮಳೆ ಅಳೆಯಲು ನನಗೆ ಚೆನ್ನಾಗಿ ಗೊತ್ತು" ಎಂದು 5ರಲ್ಲಿ 4 ಕೊಟ್ಟವರು, ಎರಡು ವರ್ಷ ಅಳೆದ ಮೇಲೆ ಎಷ್ಟು ತಪ್ಪು ಮಾಡುತ್ತಿದ್ದೆ ಎಂದು ತಿಳಿದು 3 ಕೊಡುತ್ತಾರೆ. ಕಲಿತ ಕಾರಣಕ್ಕೇ ಅಂಕ ಇಳಿಯಿತು. ಅದಕ್ಕೆ ಕೊನೆಯಲ್ಲಿ ಒಂದೇ ಹಾಳೆಯಲ್ಲಿ "ಈಗ ಎಷ್ಟು", "ಸೇರುವ ಮೊದಲು ಎಷ್ಟಿತ್ತು ಎಂದು ಈಗ ಅನಿಸುತ್ತದೆ" ಎಂದು ಎರಡನ್ನೂ ಕೇಳುವ ಪದ್ಧತಿ ಉಂಟು. ನಿಮ್ಮಲ್ಲಿ ಮೊದಲಿನ ದಾಖಲೆ ಇಲ್ಲವಾದ್ದರಿಂದ ಇದೇ ದಾರಿ. ಆದರೆ ಇದರಲ್ಲಿ ಎಲ್ಲರೂ ಮುಂದೆ ಹೋದ ಹಾಗೆ ತೋರಿಸಲು ನೋಡುತ್ತಾರೆ. ಇದನ್ನೊಂದನ್ನೇ ನಂಬದೆ ಮೇಲೆ ಹೇಳಿದ ಲೆಕ್ಕದ ಪ್ರಶ್ನೆಗಳ ಜೊತೆ ಇಟ್ಟು ಓದಬೇಕು.

ಈ ವರ್ಷ ಹೊಸತಾಗಿ ಸೇರುವವರಿಗೆ ತರಬೇತಿಗೆ ಮೊದಲೇ ಆ ಎರಡು ಲೆಕ್ಕ ಕೊಡಿ. ಮಳೆಗಾಲದ ಕೊನೆಗೆ ಅಂಕಿ ಬದಲಿಸಿ, 46ರ ಜಾಗದಲ್ಲಿ 31 ಎಂದು ಹಾಕಿ, ಮತ್ತೆ ಕೊಡಿ. ಹಳಬರನ್ನೂ ಹೊಸಬರನ್ನೂ ಹೋಲಿಸುವಾಗ ಒಂದು ಎಚ್ಚರಿಕೆ: ಹಳಬರೆಂದರೆ ಬಿಡದೆ ಉಳಿದವರು. ಮೊದಲಿನಿಂದಲೂ ಆಸಕ್ತಿ ಇದ್ದವರೇ ಉಳಿದಿರಬಹುದು. ವ್ಯತ್ಯಾಸವೆಲ್ಲ ನಿಮ್ಮ ತರಬೇತಿಯ ಫಲ ಎಂದು ಬರೆದುಬಿಡಬೇಡಿ.

ಅಳತೆಗೋಲು:

ಪಯಸ್ವಿನಿ ಅಕ್ಕ, ವಿಂಗಡಣೆ ತೆಗೆದುಕೊಳ್ಳಬೇಕು ಎಂಬುದಕ್ಕೆ ನನ್ನ ಒಪ್ಪಿಗೆ ಇದೆ. ಗುಚ್ಛಗಳನ್ನು ಇಡಿಯಾಗಿ ಅನುವಾದಿಸುವುದಕ್ಕೆ ಇಲ್ಲ. ಅವನ್ನು ಪರೀಕ್ಷಿಸಿದ್ದು ಇಂಗ್ಲಿಷಿನಲ್ಲಿ, ಅಲ್ಲಿಯ ಜನರ ಮೇಲೆ. ಕನ್ನಡಕ್ಕೋ ತುಳುವಿಗೋ ತಂದ ಕೂಡಲೇ ಅದು ಹೊಸ ಅಳತೆಗೋಲು. ಅದು ಸರಿಯಾಗಿ ಅಳೆಯುತ್ತದೆ ಎಂದು ತೋರಿಸಲು ಕೆಲವು ನೂರು ಜನರ ಉತ್ತರ ಬೇಕು. ಇಲ್ಲಿರುವುದು 58 ಮಂದಿ. ಜೊತೆಗೆ ಒಂದೇ ಮಾತನ್ನು ಏಳೆಂಟು ವಾಕ್ಯಗಳಲ್ಲಿ ತಿರುಗಿಸಿ ಕೇಳುವ ಕ್ರಮ ನಮ್ಮವರಿಗೆ ಒಗ್ಗುವುದಿಲ್ಲ, "ಈಗ ತಾನೆ ಹೇಳಿದೆನಲ್ಲ" ಎನ್ನುತ್ತಾರೆ. ಮತ್ತೆ ಉಳಿದದ್ದಕ್ಕೆಲ್ಲ ಸಾಲಾಗಿ ಒಂದೇ ಕಡೆ ಟಿಕ್ಕು ಬೀಳುತ್ತದೆ.

ಆ ಹೊತ್ತನ್ನು ಪ್ರಶ್ನೆ ಪರೀಕ್ಷಿಸಲು ಕೊಡಿ. ಆರು ಜನರನ್ನು ಆರಿಸಿ: ಇಬ್ಬರು ಕೃಷಿಕರು, ಇಬ್ಬರು ಮಕ್ಕಳು, ಓದಲು ಕಷ್ಟವಾಗುವ ಒಬ್ಬರು, ಬಿಟ್ಟುಹೋದ ಒಬ್ಬರು. ಒಬ್ಬೊಬ್ಬರ ಜೊತೆ 40 ನಿಮಿಷ ಕೂರಿ. ಪ್ರಶ್ನೆ ಓದಿ ಮನಸ್ಸಿನಲ್ಲಿ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಲು ಹೇಳಿ. ಆಮೇಲೆ ಇಷ್ಟು ಕೇಳಿದರೆ ಸಾಕು: "ಇದನ್ನು ನಿಮ್ಮ ಮಾತಿನಲ್ಲಿ ಒಮ್ಮೆ ಹೇಳಿ", "ಈ ಉತ್ತರಕ್ಕೆ ಹೇಗೆ ಬಂದಿರಿ?", "ನಿಯಮಿತ ಅಂದರೆ ನಿಮ್ಮ ಲೆಕ್ಕದಲ್ಲಿ ವಾರಕ್ಕೆ ಎಷ್ಟು ದಿನ?" ಅರ್ಥವಾಯಿತೇ ಎಂದು ಮಾತ್ರ ಕೇಳಬೇಡಿ, ಎಲ್ಲರೂ ಆಯಿತು ಎನ್ನುತ್ತಾರೆ. ಅವರು ತಪ್ಪು ತಿಳಿದರೆ ತಿದ್ದಬೇಡಿ, ಬರೆದುಕೊಳ್ಳಿ, ತಪ್ಪಿರುವುದು ಪ್ರಶ್ನೆಯಲ್ಲಿ. ಇಬ್ಬರು ಒಂದೇ ಕಡೆ ಎಡವಿದರೆ ಆ ಪ್ರಶ್ನೆಯನ್ನು ತಿದ್ದಿ, ಬೇರೆ ಆರು ಜನರ ಜೊತೆ ಎರಡನೆಯ ಸುತ್ತು ಮಾಡಿ. ಎರಡು ಸುತ್ತಿಗೆ 12 ಜನ, ಒಟ್ಟು 8 ಗಂಟೆಯ ಕೆಲಸ. ಇದನ್ನು ಬಿಟ್ಟು ಬೇರೆ ಏನೇ ಮಾಡಿದರೂ ಅದರ ಅರ್ಧ ಫಲವೂ ಸಿಗದು.

ಫಾರ್ಮಿನ ಬಗ್ಗೆಯೂ ಎರಡು ಮಾತು. ಚೌಕುಳಿ ಪಟ್ಟಿಯ (ಗ್ರಿಡ್) ಪ್ರಶ್ನೆ ಫೋನಿನಲ್ಲಿ ಬಲಬದಿಗೆ ಮರೆಯಾಗುತ್ತದೆ, ಜನ ಕಾಣುವ ಎಡಬದಿಯ ಆಯ್ಕೆಗಳಲ್ಲೇ ಒತ್ತುತ್ತಾರೆ. ಒಂದೊಂದು ಪ್ರಶ್ನೆಯನ್ನೂ ಬೇರೆಯಾಗಿ, ಆಯ್ಕೆಗಳನ್ನು ಮೇಲಿನಿಂದ ಕೆಳಕ್ಕೆ ಇಡಿ. ಎಲ್ಲದಕ್ಕೂ ಕೆಂಪು ನಕ್ಷತ್ರ ಹಾಕಿ ಕಡ್ಡಾಯ ಮಾಡಬೇಡಿ. ಸುರಂಗ ಇಲ್ಲದವರು ಸುರಂಗದ ಪ್ರಶ್ನೆಗೆ ಏನಾದರೊಂದು ಒತ್ತಿ ಮುಂದೆ ಹೋಗುತ್ತಾರೆ, ನಿಮಗೆ ಅದು ನಿಜವಾದ ಉತ್ತರದ ಹಾಗೆ ಕಾಣುತ್ತದೆ. "ಗೊತ್ತಿಲ್ಲ" ಮತ್ತು "ನಮಗೆ ಸಂಬಂಧಿಸಿದ್ದಲ್ಲ" ಎಂಬುದನ್ನು ಬೇರೆ ಬೇರೆ ಕೊಡಿ. ನಡುವಿನ ಮೆಟ್ಟಿಲು ಇವೆರಡರ ಕೆಲಸ ಮಾಡಬಾರದು.

ಪ್ರಶ್ನೆ ಒಟ್ಟು 14 ಮೀರಬಾರದು, ಸಮಯ 10 ನಿಮಿಷ. ಲೆಕ್ಕದ ಪ್ರಶ್ನೆಗಳನ್ನು ಮೊದಲಿಗೇ ಇಟ್ಟರೆ ಪರೀಕ್ಷೆ ಎಂದು ಹೆದರುತ್ತಾರೆ; ನಡುವೆ ಇಡಿ. "ಏನು ಕಷ್ಟವಾಯಿತು?" ಎಂಬ ಬರೆದು ತಿಳಿಸುವ ಪ್ರಶ್ನೆ, ಕಷ್ಟಗಳ ಪಟ್ಟಿ ಕಾಣುವುದಕ್ಕೆ ಮೊದಲೇ ಬರಬೇಕು. ಪ್ರಾಯ, ಓದು, ಜಾಗದ ವಿವರ ಕೊನೆಗೆ.

ಮಳೆಪುಸ್ತಕ (ಬದಿಯಡ್ಕ):

ತುಂಬಾ ಉಪಕಾರ. 34ರಲ್ಲಿ 19 ಪ್ರಶ್ನೆ ಹೊಡೆದುಹಾಕಿ ಆಯಿತು, ಪಕ್ಕದಲ್ಲಿ ಬರೆಯಲು ಏನೂ ಇರಲಿಲ್ಲ. ಹೊಸತಾಗಿ ಬರೆದ ಮೂರನ್ನು ನೋಡಿ ಹೇಳಿ:

ಅ. ಹೋದ ಮಳೆಗಾಲದಲ್ಲಿ ನಿಮ್ಮ ಅಳತೆಯನ್ನು ಮನೆಯವರೋ ನೆರೆಕರೆಯವರೋ ಕೇಳಿ ತಿಳಿದುಕೊಂಡದ್ದುಂಟೇ? ಯಾವ ಕೆಲಸಕ್ಕೆ?
ಆ. ಮಳೆ ಲೆಕ್ಕ ನೋಡಿ ಅಡಿಕೆಗೆ ಮದ್ದು ಬಿಡುವ ದಿನ ನಿಶ್ಚಯಿಸಲು ಮತ್ತು ಬಾವಿಯ ನೀರು ಎಷ್ಟು ವಾರ ಬಂದೀತು ಎಂದು ಅಂದಾಜು ಮಾಡಲು ನಿಮಗೆ ಎಷ್ಟು ಧೈರ್ಯ ಉಂಟು? (ಧೈರ್ಯವೇ ಇಲ್ಲ / ಸ್ವಲ್ಪ / ಸಾಕಷ್ಟು / ಪೂರ್ತಿ)
ಇ. ಬಾವಿಯ ಅಳತೆಯನ್ನು ಎಲ್ಲಿಂದ ಶುರುಮಾಡುತ್ತೀರಿ? (ಬಾವಿಕಟ್ಟೆಯ ಮೇಲಿನಿಂದ / ನೆಲದ ಮಟ್ಟದಿಂದ / ಬೇರೆ)

ಉತ್ತರ ಬರೆಯುವವರು ಹೆಸರು ಹಾಕಬೇಕಾಗಿಲ್ಲ, ಮಳೆಪುಸ್ತಕದ ನಂಬ್ರ ಹಾಕಿದರೆ ಸಾಕು ಎಂದು ಬರೆದಿದ್ದೇವೆ. ಮಕ್ಕಳ ಉತ್ತರಗಳನ್ನು ಶಾಲೆಯಲ್ಲಿ ವಿಜ್ಞಾನ ಟೀಚರ್ ಮೂಲಕ ತೆಗೆದುಕೊಳ್ಳಬಹುದೇ? ಬಿಟ್ಟುಹೋದವರನ್ನು ಮಾತಾಡಿಸುವುದು ಹೇಗೆ?

ಗಡಿ ಟೀಚರ್ (ಪೆರ್ಲ):

ಟೀಚರ್ ಮೂಲಕ ಬೇಡ. ಅಂಕ ಹಾಕುವವರ ಕೈಗೆ ಕೊಡುವ ಹಾಳೆಯಲ್ಲಿ ಯಾವ ಮಗುವೂ "ನನಗೆ ಬೇಸರ ಬಂತು" ಎಂದು ಬರೆಯುವುದಿಲ್ಲ. ಶಾಲೆಯ ಹೊರಗಿನವರು ಒಬ್ಬರು ಬರಲಿ, ಟೀಚರ್ ಕೋಣೆಯಿಂದ ಹೊರಗಿರಲಿ, ಹಾಳೆಗಳು ಅಲ್ಲೇ ಲಕೋಟೆಗೆ ಹೋಗಲಿ. ಇದಕ್ಕೂ ಅಂಕಕ್ಕೂ ಸಂಬಂಧ ಇಲ್ಲ, ಬೇಡವೆಂದರೆ ಬಿಡಬಹುದು ಎಂದು ಮೊದಲೇ ಹೇಳಬೇಕು. ಹೆತ್ತವರ ಲಿಖಿತ ಒಪ್ಪಿಗೆಯೂ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳೇ, ಹತ್ತನೆಯವರೂ ಪ್ಲಸ್ ಟೂ ಮಕ್ಕಳಲ್ಲಿ ಹೆಚ್ಚಿನವರೂ ಅದರಲ್ಲಿ ಬಂದರು. ಒಪ್ಪಿಗೆ ಪತ್ರ ಮನೆಯಲ್ಲಿ ಓದುವ ಭಾಷೆಯಲ್ಲಿರಲಿ.

ಇನ್ನು ನಂಬ್ರದ ವಿಷಯ. ಪುಸ್ತಕದ ನಂಬ್ರ ಹಾಕಿಸಿಕೊಂಡು "ಯಾರ ಉತ್ತರ ಎಂದು ನಮಗೆ ಗೊತ್ತಾಗುವುದಿಲ್ಲ" ಎಂಬ ಅರ್ಥ ಬರುವ ಹಾಗೆ ಬರೆಯಬಾರದು. ಆ ನಂಬ್ರ ಯಾರದ್ದೆಂದು ನಿಮಗೆ ಗೊತ್ತಲ್ಲ. "ನಂಬ್ರದಿಂದ ನಿಮ್ಮ ಮಳೆಪುಸ್ತಕದ ಜೊತೆ ಹೋಲಿಸಿ ನೋಡುತ್ತೇವೆ, ಅದನ್ನು ನೋಡುವವರು ಇಬ್ಬರು ಮಾತ್ರ, ಬೇರೆ ಯಾರಿಗೂ ಹೇಳುವುದಿಲ್ಲ" ಎಂದು ಇದ್ದದ್ದನ್ನೇ ಹೇಳಿ. ಹೋಲಿಸಲು ಒಪ್ಪದವರು ನಂಬ್ರದ ಜಾಗ ಖಾಲಿ ಬಿಡಲಿ.

ಅಳತೆಗೋಲು:

"ಆ"ದಲ್ಲಿ ಮತ್ತೆ ಎರಡು ಪ್ರಶ್ನೆ ಕೂಡಿಹೋಗಿದೆ ಮಾಷ್ಟ್ರೇ. "ಮತ್ತು" ಎಂಬ ಶಬ್ದ ಕಂಡಲ್ಲೆಲ್ಲ ನಿಂತು ನೋಡಿ. ಮದ್ದು ಬಿಡುವುದು ಬೇರೆ, ಬಾವಿ ಅಂದಾಜು ಬೇರೆ; ಎರಡಾಗಿ ಒಡೆಯಿರಿ. ಅಡಿಕೆ ತೋಟ ಇಲ್ಲದ ಮಕ್ಕಳಿಗೆ ಮೊದಲನೆಯದು ಹೋಗಬಾರದು. "ಅ"ದಲ್ಲಿ "ಮನೆಯವರೋ ನೆರೆಕರೆಯವರೋ" ಎಂಬಲ್ಲಿಯೂ ಹಾಗೆಯೇ, ನಿಮ್ಮ ಅಳತೆ ಮನೆಯ ಹೊಸ್ತಿಲು ದಾಟಿದೆಯೇ ಎಂಬುದೇ ತಿಳಿಯಬೇಕಾದದ್ದಲ್ಲವೇ? ನೆರೆಕರೆಯವರನ್ನು ಮಾತ್ರ ಇಟ್ಟುಕೊಳ್ಳಿ.

"ಇ" ಚೆನ್ನಾಗಿದೆ, ಹಾಗೆಯೇ ಇರಲಿ. ಅದರ ಜೊತೆಗೆ ಕಟ್ಟೆಯ ಎತ್ತರ ಎಷ್ಟು ಸೆಂ.ಮೀ. ಎಂದು ಕೇಳಿ. ಕಟ್ಟೆ 75 ಸೆಂ.ಮೀ. ಇದ್ದು, ಒಬ್ಬರು ಮೇಲಿನಿಂದ ಇನ್ನೊಬ್ಬರು ನೆಲದಿಂದ ಅಳೆದರೆ ಅಷ್ಟೂ ವ್ಯತ್ಯಾಸ ನೀರಿನದ್ದೆಂದು ಕಾಣುತ್ತದೆ. ಈ ಉತ್ತರದಿಂದ ಹಳೆಯ ಎರಡು ವರ್ಷದ ಅಂಕಿಗಳನ್ನೂ ಸರಿಪಡಿಸಬಹುದು.

ಬಂದ ಉತ್ತರಗಳನ್ನು ಶೇಕಡಾ ಲೆಕ್ಕದಲ್ಲಿ ಬರೆಯಬೇಡಿ. 40 ಜನ ಉತ್ತರಿಸಿದರೆ ಒಬ್ಬರೇ ಶೇಕಡಾ 2.5, ಒಬ್ಬರು ಮನಸ್ಸು ಬದಲಿಸಿದರೆ ಅಂಕಿ ಹಾರುತ್ತದೆ. "40ರಲ್ಲಿ 23 ಮಂದಿ" ಎಂದೇ ಬರೆಯಿರಿ, ಉತ್ತರ ಕೊಡದ 18 ಮಂದಿಯನ್ನೂ ಪಕ್ಕದಲ್ಲಿ ಕಾಣಿಸಿ.

ಪಯಸ್ವಿನಿ:

ಬಿಟ್ಟುಹೋದವರ ಬಗ್ಗೆ: ಮೊದಲು ಬಿಟ್ಟವರು ಎಂದರೆ ಯಾರು ಎಂದು ನಿಶ್ಚಯಿಸಿ. ಮಳೆಗಾಲದಲ್ಲಿ ಒಟ್ಟಿಗೆ 30 ದಿನ ದಾಖಲೆ ಇಲ್ಲದವರು ಎಂದಿಟ್ಟುಕೊಳ್ಳಬಹುದು. ಅವರಿಗೆ ಫಾರ್ಮ್ ಕಳಿಸಬೇಡಿ, ಫೋನ್ ಮಾಡಿ. ಮಾಡುವವರು ನೀವಾಗಬಾರದು, ತರಬೇತಿ ಕೊಟ್ಟವರೂ ಆಗಬಾರದು. ನಿಮ್ಮ ಮುಖ ನೋಡಿ "ಪುರುಸೊತ್ತಿಲ್ಲ" ಎಂಬ ಒಂದೇ ಕಾರಣ ಬರುತ್ತದೆ. ಪುರುಸೊತ್ತಿಲ್ಲ ಎನ್ನುವುದು ನಮ್ಮ ಕಡೆ ಸೌಜನ್ಯದ ಉತ್ತರ, ಕಾರಣ ಅದರ ಹಿಂದೆ ಇರುತ್ತದೆ.

"ಯಾಕೆ ಬಿಟ್ಟಿರಿ?" ಎಂದರೆ ತಪ್ಪು ಕಂಡುಹಿಡಿದ ಹಾಗೆ ಕೇಳಿಸುತ್ತದೆ. ಪುಸ್ತಕ ಮುಂದಿಟ್ಟುಕೊಂಡು, "ಜುಲೈ 19ರವರೆಗೆ ನಿಮ್ಮ ಅಳತೆ ಇದೆ, ಅದು ನಮಗೆ ತುಂಬಾ ಉಪಯೋಗವಾಯಿತು. ಆ ವಾರ ಏನಾಯಿತು?" ಎಂದು ಕೇಳಬೇಕು. ಆಗ ಮಂಗ ಮಾಪಕ ಉರುಳಿಸಿತು, ಡಬ್ಬಿ ಒಡೆಯಿತು, ಬೇರೆಯದು ಕೇಳಲು ಸಂಕೋಚವಾಯಿತು, ಬರೆದು ಕಳಿಸಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ, ಮಗನಿಗೆ ಪರೀಕ್ಷೆ ಬಂತು ಎಂಬಂಥ ಮಾತುಗಳು ಹೊರಗೆ ಬರುತ್ತವೆ. ಹೇಳಿದ್ದನ್ನು ಹೇಳಿದ ಮಾತಿನಲ್ಲೇ ಬರೆದುಕೊಂಡು, ಗುಂಪು ಮಾಡುವುದನ್ನು ಆಮೇಲೆ ಇಬ್ಬರು ಬೇರೆ ಬೇರೆ ಕೂತು ಮಾಡಲಿ. ಎರಡನೆಯ ಪ್ರಶ್ನೆ ಒಂದೇ: "ಏನಿದ್ದಿದ್ದರೆ ಮುಂದುವರಿಸುತ್ತಿದ್ದಿರಿ?" ಐದು ನಿಮಿಷಕ್ಕಿಂತ ಹೆಚ್ಚು ಮಾತು ಬೇಡ. ಫೋನ್ ಮಾಡುವುದು ರಾತ್ರಿ ಊಟಕ್ಕೆ ಮೊದಲು, 7ರಿಂದ 8ರೊಳಗೆ. ಸಿಗದಿದ್ದರೆ ಬೇರೆ ಬೇರೆ ದಿನ ಮೂರು ಸಲ, ಅಲ್ಲಿಗೆ ನಿಲ್ಲಿಸಿ.

ಮಳೆಪುಸ್ತಕ (ಬದಿಯಡ್ಕ):

"ಆ" ಒಡೆದಿದ್ದೇನೆ, "ಅ" ನೆರೆಕರೆಗೆ ಮಾತ್ರ ಇಟ್ಟಿದ್ದೇನೆ. ಹಳೆಯವುಗಳಲ್ಲಿ ಇನ್ನೂ ಕೆಲವನ್ನು ಬಿಟ್ಟು ಈಗ ಒಟ್ಟು 14 ಪ್ರಶ್ನೆ, ತುಳು ಪ್ರತಿಯನ್ನು ಬರೆದು ಮುಗಿಸಿದ್ದೇವೆ. ಬಾಯಿಬಿಟ್ಟು ಹೇಳಿಸುವ ಮೊದಲ ಸುತ್ತಿಗೆ ಆರು ಜನ ಒಪ್ಪಿದ್ದಾರೆ, ಅವರಲ್ಲಿ ಬಿಟ್ಟುಹೋದ ಒಬ್ಬರೂ ಇದ್ದಾರೆ. ಮದುವೆಗೆ ಹೋದ ಲೆಕ್ಕವನ್ನು ಅವರಿಗೆ ಮೊದಲು ಕೊಡುತ್ತೇನೆ, ಎಡವಿದ ಜಾಗಗಳನ್ನು ಇಲ್ಲೇ ಹಾಕುತ್ತೇನೆ.